ಅತ್ತಿ ಮಣ್ಣು

ನಮ್ಮ ಕಡೆ ಅತ್ತೆಗೂ ಅತ್ತಿ ಅನ್ನುತ್ತಾರೆ, ಅತ್ತಿಮರಕ್ಕೂ ಅತ್ತಿ ಅನ್ನುತ್ತಾರೆ. ಮಾತಿನ ಕೊನೆಯ ಎಕಾರವನ್ನೆಲ್ಲ ಇಕಾರ ಮಾಡಿ ನುಂಗುವ ನಮಗೆ ಇದರಿಂದ ತೊಂದರೆಯೇನೂ ಆಗಿರಲಿಲ್ಲ. ಗಂಡನ ತಾಯಿ, ಅಪ್ಪನ ಅಕ್ಕತಂಗಿಯರು, ಬಾವಿಯ ಪಕ್ಕದ ಮರ ಎಲ್ಲರೂ ಒಂದೇ ಹೆಸರಿನಲ್ಲಿ ಸುಖವಾಗಿದ್ದರು. ಅಣ್ಣನ ಮಗಳು ಚಿಕ್ಕವಳಿದ್ದಾಗ ಖಾನಾಪುರದ ಮನೆಯ ಹಿತ್ತಲಲ್ಲಿ ನಿಂತು ಆ ಮರ ತೋರಿಸಿ, "ಈ ಗಿಡ ನಿಂದೇನ ಅತ್ತಿ?" ಎಂದು ಕೇಳಿದ್ದಳು. "ಹೌದು, ನಂದ" ಎಂದಿದ್ದೆ. ಮಕ್ಕಳಿಗೆ ಸುಳ್ಳು ಹೇಳುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ.

ಆ ಮರ ನಮ್ಮ ಬಾವಿಗೆ ಒರಗಿಕೊಂಡೇ ಬೆಳೆದದ್ದು. ಬಾವಿಯೊಳಗೆ ಇಳಿಯಲು ಮೆಟ್ಟಿಲುಗಳಿವೆ. ಸ್ವಲ್ಪ ಇಳಿದರೆ ಬಲಗಡೆ ಚುಕ್ಕೆ ಚುಕ್ಕೆಯ ಬೂದು ಬಂಡೆ ಸಿಗುತ್ತದೆ, ಅದರೊಳಕ್ಕೆ ಅತ್ತಿಯ ಬೇರು ಹೊಕ್ಕಿದೆ. ಹೊಕ್ಕಿದೆ ಎಂದರೆ ಬಂಡೆಯನ್ನು ಸೀಳಿದೆ ಎಂದಲ್ಲ. ಬೇರು ಹೋದಲ್ಲೆಲ್ಲ ಅದರ ಸುತ್ತ ಬೆರಳಗಲದಷ್ಟು ಕಲ್ಲು ಬಣ್ಣ ಕಳೆದುಕೊಂಡು ಬೆಳ್ಳಗಾಗಿದೆ. ಕಣ್ಣಿಗೆ ಅದು ಇನ್ನೂ ಕಲ್ಲೇ. ಚುಕ್ಕೆಗಳು, ಪದರಗಳು ಇದ್ದಲ್ಲೇ ಇವೆ. ಹೆಬ್ಬೆರಳಿನಿಂದ ಒತ್ತಿದರೆ ಮಾತ್ರ ಬೆಣ್ಣೆಯಲ್ಲಿ ಇಳಿದ ಹಾಗೆ ಬೆರಳು ಇಳಿಯುತ್ತದೆ. ಈ ಬಿಳಿ ಮಣ್ಣಿಗೆ ಮನೆಯಲ್ಲಿ ಅತ್ತಿ ಮಣ್ಣು ಎಂದು ಹೆಸರು. ಬಸುರಿಯರು ಇದನ್ನು ತಿನ್ನುತ್ತಿದ್ದರು.

ಬಯಕೆ ಎಂದರೆ ಬೇರೆ ಮನೆಗಳಲ್ಲಿ ಮಾವಿನಕಾಯಿ, ಹುಣಸೆಹಣ್ಣು. ನಮ್ಮ ಮನೆಯಲ್ಲಿ ಇದು. ಅತ್ತೆಯರು ಸೊಸೆಯರಿಗೆ, ತಾಯಂದಿರು ಹೆಣ್ಣುಮಕ್ಕಳಿಗೆ ಸೆರಗಿನಲ್ಲಿ ಕಟ್ಟಿ ತಂದು ಕೊಡುತ್ತಿದ್ದರು. ನಾನು ಹುಡುಗಿಯಾಗಿದ್ದಾಗ ಕದ್ದು ತಿಂದು ನೋಡಿದ್ದೇನೆ. ರುಚಿ ಅನ್ನುವಂಥದ್ದೇನೂ ಇಲ್ಲ, ಸಾರಿಸಿದ ಗೋಡೆಯ ವಾಸನೆ, ನಾಲಿಗೆಗೆ ಅಂಟಿಕೊಂಡು ಎಂಜಲನ್ನೆಲ್ಲ ಹೀರಿಬಿಡುತ್ತದೆ. ಆ ಹೀರುವುದೇ ಅದರ ಸುಖ ಎಂದು ತಿಂದವರು ಹೇಳುತ್ತಿದ್ದರು.

ಮುಂದೆ ನಾನು ಬೆಳಗಾವಿಗೆ ಬಂದು ಕಾಲೇಜಿನಲ್ಲಿ ಮಣ್ಣಿನ ರಸಾಯನ ಪಾಠ ಮಾಡುವವಳಾದೆ. ಮಣ್ಣು ತಿನ್ನುವವರ ಮನೆಯಿಂದ ಬಂದು ಮಣ್ಣು ಮಾರುವವಳಾದಳು ಎಂದು ಅಣ್ಣ ಚೇಷ್ಟೆ ಮಾಡುತ್ತಿದ್ದ. ಊರಿಗೆ ಹೋದಾಗಲೆಲ್ಲ ಆ ಬಂಡೆಯಿಂದ ಬೇರುಸಹಿತ ಒಂದೆರಡು ತುಂಡು ಕಿತ್ತು ತರುತ್ತಿದ್ದೆ. ತರಗತಿಯಲ್ಲಿ ತೋರಿಸಲು ಅಷ್ಟು ಚೆನ್ನಾದ ಮಾದರಿ ಬೇರೆಲ್ಲೂ ಸಿಗುವುದಿಲ್ಲ. ಪುಸ್ತಕದಲ್ಲಿ ಒಣ ಮಾತಿನಲ್ಲಿ ಇರುವುದು ಇಲ್ಲಿ ಕಣ್ಣೆದುರು ಇತ್ತು.

ಬೇರು ಕಲ್ಲನ್ನು ಬಲದಿಂದ ಒಡೆಯುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಅದು ಅರ್ಧ ನಿಜ. ಬೇರಿನ ತುದಿಯೂ ಅದಕ್ಕೆ ಹೆಣೆದುಕೊಂಡ ಬೂಷ್ಟಿನ ಎಳೆಗಳೂ ಹುಳಿ ಒಸರುತ್ತವೆ. ನಿಂಬೆಹಣ್ಣಿನಲ್ಲಿರುವ ಹುಳಿ, ನಾವು ರೊಟ್ಟಿಯ ಜೊತೆ ತಿನ್ನುವ ಪುಂಡಿಪಲ್ಲೆಯಲ್ಲಿರುವ ಹುಳಿ, ಅದೇ ಕುಲದವು. ಕಲ್ಲು ಎಂದರೆ ಸಿಲಿಕೇಟ್ ಖನಿಜಗಳ ಕಟ್ಟಡ. ಅದರ ಸಂದಿಗಳಲ್ಲಿ ಕಬ್ಬಿಣ, ಅಲ್ಯುಮಿನಿಯಂ, ಪೊಟ್ಯಾಸಿಯಂ ಕೂತಿರುತ್ತವೆ. ಈ ಹುಳಿ ಒಂದು ಏಡಿ ಇದ್ದ ಹಾಗೆ. ಎರಡು ಕೊಂಬು ಚಾಚಿ ಕಬ್ಬಿಣವನ್ನು ಹಿಡಿಯುತ್ತದೆ, ಅಲ್ಲಾಡಿಸುತ್ತದೆ, ಎಳೆದುಕೊಂಡು ಹೋಗುತ್ತದೆ. ಕಟ್ಟಡದಿಂದ ಮೊಳೆಗಳನ್ನು ಕಿತ್ತ ಮೇಲೆ ಏನು ಉಳಿದೀತು? ಉಳಿದ ಸಿಲಿಕಾ, ಅಳಿದುಳಿದ ಅಲ್ಯುಮಿನಿಯಂ ನೀರಿನ ಜೊತೆ ಸೇರಿ ಮೆತ್ತಗಿನ ಬಿಳಿ ಜೇಡಿಯಾಗಿ ಕೂರುತ್ತದೆ. ಸದ್ದಿಲ್ಲ, ಬಿರುಕಿಲ್ಲ, ಆಕಾರವೂ ಕೆಡುವುದಿಲ್ಲ. ಒಂದು ಬೇರಿನ ಸುತ್ತ ಬೆರಳಗಲ ಕಲ್ಲು ಹೀಗಾಗಲು ಎಷ್ಟು ತಲೆಮಾರು ಬೇಕೋ ನನಗೆ ಗೊತ್ತಿಲ್ಲ. ಆ ಹುಳಿಗೆ ಅವಸರವಿಲ್ಲ.

ನಾನು ಇದನ್ನು ಹುಡುಗರಿಗೆ ಹೇಳುವಾಗ ಕಲ್ಲನ್ನು ಎತ್ತಿ ಹಿಡಿದು ಹೆಬ್ಬೆರಳು ಒಳಗೆ ಇಳಿಸಿ ತೋರಿಸುತ್ತಿದ್ದೆ. ಹಿಂದಿನ ಬೆಂಚಿನವರೂ ಆಗ ಫೋನು ಬಿಟ್ಟು ತಲೆ ಎತ್ತುತ್ತಿದ್ದರು. "ಕಬ್ಬಿಣ ಹೋದದ್ದಕ್ಕೆ ಬೆಳ್ಳಗಾಗಿದೆ, ನೆನಪಿಡಿ" ಎನ್ನುತ್ತಿದ್ದೆ. ಎಷ್ಟೋ ವರ್ಷ ಈ ವಾಕ್ಯ ಹೇಳಿದ್ದೇನೆ. ಮನೆಯ ಹೆಂಗಸರ ಬಗ್ಗೆ ಹೇಳುತ್ತಿದ್ದೇನೆ ಎಂದು ಒಮ್ಮೆಯೂ ಹೊಳೆಯಲಿಲ್ಲ.

ಅಣ್ಣನ ಮಗಳು ಈಗ ಬೆಳಗಾವಿಯಲ್ಲೇ ನೌಕರಿ ಮಾಡುತ್ತಾಳೆ, ಗಂಡನ ಮನೆ ಪಾರಿಶ್ವಾಡ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ಅದಕ್ಕೆ ರಜೆ ಹಾಕಿ ಖಾನಾಪುರಕ್ಕೆ ಹೋಗಿದ್ದಳು. ಕೆಲಸದ ಗಡಿಬಿಡಿಯಲ್ಲಿ ನಾನು ಹೋಗಿ ನೋಡಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಪ್ಯಾಸೆಂಜರ್ ಹತ್ತಿದೆ. ದೇಸೂರಿನಲ್ಲಿ ಗಾಡಿ ಸುಮ್ಮನೆ ನಿಂತು ಎದುರಿನ ಗಾಡಿಗೆ ದಾರಿ ಬಿಡುತ್ತಿದ್ದಾಗ ಅತ್ತಿಗೆಯ ಫೋನು ಬಂತು. ನಾವು ಅತ್ತಿಗೆಗೆ ವೈನಿ ಅನ್ನುತ್ತೇವೆ.

"ಬರಾಕತ್ತೀರೇನ್ರೀ? ಬಂದ ಮಗಳ ಮಾರಿ ನೋಡ್ರಿ. ಗುರುತ ಸಿಗೂದಿಲ್ಲ, ಅಷ್ಟ ಬೆಳ್ಳಗ ಆಗ್ಯಾಳ" ಎಂದರು ವೈನಿ. ಹೆಮ್ಮೆಯ ದನಿ. "ದಿನಾ ಹಾಲಿನಾಗ ಕೇಸರಿ ಹಾಕಿ ಕೊಡಾಕತ್ತೀನಿ. ಕೂಸೂ ಬೆಳ್ಳಗ ಹುಟ್ಟತೈತಿ."

ಮನೆ ತಲುಪಿದಾಗ ಅವಳು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಏಳಲು ಹೋದವಳು ಗೋಡೆ ಹಿಡಿದುಕೊಂಡಳು. ಮುಖ ನಿಜವಾಗಿಯೂ ಬೆಳ್ಳಗಿತ್ತು, ತುಟಿಯೂ ಬೆಳ್ಳಗಿತ್ತು. ನಾನು ಅಂಗೈ ತಿರುಗಿಸಿ ನೋಡಿದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಿರಬೇಕಾದ ಜಾಗ ಬಾವಿಯ ಬಂಡೆಯಲ್ಲಿ ಬೇರಿನ ಸುತ್ತ ಇರುವ ಬಣ್ಣಕ್ಕೆ ತಿರುಗಿತ್ತು.

"ಗುಳಿಗಿ ತಗೋಳ್ತಿ ಇಲ್ಲೋ?" ಎಂದೆ.

"ಒಂದಿನಾ ತಪ್ಪಿಸಿಲ್ಲ ಅತ್ತಿ" ಎಂದಳು. "ಆಶಾ ಅಕ್ಕಾರು ಬಂದ ಎಣಿಸಿ ಹೋಗ್ತಾರ. ಆದರ ನುಂಗಿದ ಕೂಡ್ಲೆ ಬಾಯಾಗ ಕಬ್ಬಿಣ ವಾಸನಿ. ಹೊಟ್ಟಿ ತೊಳಸತೈತಿ. ಅದಕ್ಕ ಅವ್ವ ಅತ್ತಿ ಮಣ್ಣ ಕೊಡತಾಳ. ಒಂಚೂರು ತಿಂದರ ಎಲ್ಲಾ ಹೋಗತೈತಿ."

ಅವಳ ಪಕ್ಕದಲ್ಲಿ ಒಂದು ವಾಟಿ ಇತ್ತು, ಅದರಲ್ಲಿ ಬಿಳಿ ಹೆಂಟೆಗಳು. ಎಲ್ಲಾ ಹೋಗುತ್ತದೆ ಎಂಬ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಆ ಜೇಡಿಯಿಂದ ಮರ ಕಬ್ಬಿಣವನ್ನೆಲ್ಲ ಕಿತ್ತುಕೊಂಡಿದೆ. ಅದರ ಮೈ ಖಾಲಿಯಾಗಿದೆ. ಹೊಟ್ಟೆಗೆ ಹೋದರೆ ಅಲ್ಲಿ ಸಿಕ್ಕ ಕಬ್ಬಿಣಕ್ಕೆ ಅಂಟಿಕೊಂಡು ಅದನ್ನು ಹೊರಗೆ ಒಯ್ಯುತ್ತದೆ. ನಾಲಿಗೆಯ ಎಂಜಲು ಹೀರಿದ ಹಾಗೆಯೇ. ಮರ ಕಲ್ಲಿನಿಂದ ತೆಗೆದುಕೊಂಡದ್ದನ್ನು ಕಲ್ಲು ನಮ್ಮ ಹುಡುಗಿಯಿಂದ ವಸೂಲು ಮಾಡುತ್ತಿತ್ತು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ವಾಟಿ ಎತ್ತಿ ಹಿತ್ತಲಿಗೆ ಎಸೆದೆ. ಅದು ಬಾವಿಯ ಮೆಟ್ಟಿಲ ಮೇಲೆ ಬಿದ್ದು ಖಣಖಣ ಎನ್ನುತ್ತ ಕೆಳಗೆ ಹೋಯಿತು. ವೈನಿ ಅಡುಗೆಮನೆಯಿಂದ ಹೊರಗೆ ಬಂದರು.

"ಯಾಕ್ರೀ, ಏನ ಮಾಡಾಕತ್ತೀರಿ?"

"ಮಗಳಿಗೆ ಮಣ್ಣ ತಿನಿಸಾಕತ್ತೀರಲ್ಲ ವೈನಿ, ನಿಮಗ ಬುದ್ಧಿ ಐತೇನು?"

"ನಾ ತಿಂದೀನಿ. ನಿಮ್ಮವ್ವಾರೂ ತಿಂದಾರ. ನಾವೇನ ಸತ್ತೀವೇನ್ರೀ?"

"ನನ್ನ ಅತ್ತಿ ಸತ್ತಳಲ್ಲ."

ನನ್ನ ಅಪ್ಪನ ತಂಗಿ ಚೊಚ್ಚಲ ಹೆರಿಗೆಗೆಂದು ಇದೇ ಮನೆಗೆ ಬಂದು ಇದೇ ಪಡಸಾಲೆಯಲ್ಲಿ ತೀರಿಕೊಂಡಿದ್ದಳು, ನಾನು ಹುಟ್ಟುವುದಕ್ಕೆ ಮೊದಲು. ಆ ಕಥೆ ಹೇಳುವಾಗ ಅವ್ವ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದಳು. ಕಡೆಕಡೆಗೆ ಎಷ್ಟು ಬೆಳ್ಳಗೆ ಆಗಿದ್ದಳೆಂದರೆ ಗೊಂಬೆಯ ಹಾಗೆ ಕಾಣುತ್ತಿದ್ದಳಂತೆ. ಹೆತ್ತ ಮೇಲೆ ರಕ್ತ ನಿಲ್ಲಲಿಲ್ಲವಂತೆ, ಅದನ್ನು ತಡೆದುಕೊಳ್ಳುವಷ್ಟು ರಕ್ತವೂ ಮೈಯಲ್ಲಿ ಇರಲಿಲ್ಲವಂತೆ.

"ಆಕೀನ ಬಾವಿ ತಾಯಿ ಕರಕೊಂಡಳು" ಎಂದರು ವೈನಿ ಮೆಲ್ಲಗೆ. ಬಾವಿಯಲ್ಲಿದ್ದಾಳೆಂದು ಮನೆಯವರು ನಂಬುವ ಆ ತಾಯಿ ಕರೆಯುವ ಮೊದಲು ಎಲ್ಲರನ್ನೂ ಬೆಳ್ಳಗೆ ಮಾಡುತ್ತಾಳೋ ಎಂದು ಕೇಳಬೇಕೆನಿಸಿತು. ಹುಡುಗಿ ಕೇಳಿಸಿಕೊಳ್ಳುತ್ತಿದ್ದಳು, ಅದಕ್ಕೆ ಬಾಯಿ ಮುಚ್ಚಿಕೊಂಡೆ.

ಅಂದೇ ಮಧ್ಯಾಹ್ನ ಅಣ್ಣನ ಕಾರಿನಲ್ಲಿ ಅವಳನ್ನು ಬೆಳಗಾವಿಗೆ ಕರೆತಂದೆ. ನೆಹರು ನಗರದ ದೊಡ್ಡ ಆಸ್ಪತ್ರೆಗೆ ನನ್ನ ಮನೆಯಿಂದ ಆಟೋದಲ್ಲಿ ಕೂತೆ, ಇಳಿದೆ ಅನ್ನುವಷ್ಟೇ ದೂರ. ವೈದ್ಯೆ ರಕ್ತ ಪರೀಕ್ಷೆ ಮಾಡಿಸಿದರು, ಬಹಳ ಕಡಿಮೆ ಇದೆ ಎಂದರು, ಗುಳಿಗೆ ಬದಲಿಸಿದರು. ಮುಂದಿನ ಸಲ ಬಂದಾಗ ಏರದಿದ್ದರೆ ಕಬ್ಬಿಣವನ್ನು ನರಕ್ಕೇ ಚುಚ್ಚಿ ಕೊಡೋಣ, ಹೆರಿಗೆಗೆ ಮೊದಲು ಏರಲೇಬೇಕು ಎಂದರು. ಮಣ್ಣಿನ ವಿಷಯ ನಾನು ಹೇಳಲಿಲ್ಲ. ಮಣ್ಣು ಖಾನಾಪುರದಲ್ಲಿ ಉಳಿಯಿತು, ಇನ್ನು ಹೇಳುವುದೇನು ಎಂದುಕೊಂಡೆ. ವೈನಿ ವಾರಕ್ಕೊಮ್ಮೆ ಬಂದಾಗ ಅವರ ಚೀಲವನ್ನು ಪೊಲೀಸಿನವರ ಹಾಗೆ ತಡಕಾಡುತ್ತಿದ್ದೆ. ಅವರು ತುಟಿ ಬಿಗಿಹಿಡಿದು ನಿಂತಿರುತ್ತಿದ್ದರು.

ನಾನು ಮಾಡಬಹುದಾದದ್ದನ್ನೆಲ್ಲ ಮಾಡಿದೆ. ನುಗ್ಗೆಸೊಪ್ಪು, ರಾಜಗಿರಿ, ಬೆಲ್ಲ, ಖರ್ಜೂರ. ಗುಳಿಗೆ ನುಂಗುವಾಗ ಎದುರು ಕೂತು ನೋಡುತ್ತಿದ್ದೆ. ಮೊದಮೊದಲು ಅವಳು ಸಿಡಿಮಿಡಿ ಮಾಡಿದಳು, ಆಮೇಲೆ ಶಾಂತಳಾದಳು. ನನಗೆ ಗೆದ್ದ ಹಾಗೆ ಅನ್ನಿಸಿತು. ಆದರೆ ಅವಳ ಏದುಸಿರು ದಿನದಿನಕ್ಕೆ ಹೆಚ್ಚುತ್ತ ಹೋಯಿತು. ಬಚ್ಚಲಿಗೆ ಹೋಗಿ ಬಂದರೂ ಮಂಚದ ಅಂಚು ಹಿಡಿದು ನಿಲ್ಲುತ್ತಿದ್ದಳು. ನೆರೆಮನೆಯವರು ಬಂದು, "ಬಸುರಿ ಕಳೆ ನೋಡ್ರಿ, ಎಷ್ಟ ಬೆಳ್ಳಗ ಕಾಣತಾಳ" ಎಂದಾಗ ನಾನು ಚಹಾ ಕೊಡದೆ ಕಳಿಸಿದೆ.

ಮಧ್ಯಾಹ್ನ ನಾನು ಕಾಲೇಜಿನಿಂದ ಬಂದು ಸ್ವಲ್ಪ ಅಡ್ಡಾದಾಗ ಅವಳ ಕೋಣೆಯಿಂದ ಡಬ್ಬಿಯ ಮುಚ್ಚಳ ತೆಗೆವ ಸದ್ದು ಬರುತ್ತಿತ್ತು. ಆ ಕೋಣೆಯ ಕಪಾಟಿನಲ್ಲಿ ಕುಂದಾದ ಡಬ್ಬಿಗಳಿದ್ದವು. ಬೆಳಗಾವಿಯ ಮನೆಯಲ್ಲಿ ಕುಂದಾದ ಡಬ್ಬಿ ಎಸೆಯುವ ರೂಢಿ ಇಲ್ಲ. ಗುಂಡಿ, ದಾರ, ಗುಳಿಗೆ ಎಲ್ಲವೂ ಅದರಲ್ಲೇ. ಒಂದೆರಡರಲ್ಲಿ ನಿಜವಾದ ಕುಂದಾ ಕೂಡ ಇತ್ತು, ಅಳಿಯ ಬಂದಾಗ ತಂದದ್ದು. ಸಿಹಿ ತಿನ್ನಬೇಕೆನಿಸಿದೆ, ತಿನ್ನಲಿ ಎಂದು ಮಗ್ಗಲು ಬದಲಿಸಿ ಮಲಗುತ್ತಿದ್ದೆ.

ವೈದ್ಯೆ ಹೇಳಿದ ದಿನ ಬರುವುದಕ್ಕೆ ಮೊದಲೇ ಒಂದು ಬೆಳಿಗ್ಗೆ ಅವಳಿಗೆ ನೋವು ಶುರುವಾಯಿತು. ಆಸ್ಪತ್ರೆಗೆ ಒಯ್ದೆ. ವೈನಿ ಖಾನಾಪುರದಿಂದ, ಅವಳ ಅತ್ತೆ ಪಾರಿಶ್ವಾಡದಿಂದ ಬಂದು ಸೇರಿದರು. ಮತ್ತೆ ರಕ್ತ ಪರೀಕ್ಷೆ ಆಯಿತು. ವೈದ್ಯೆ ಕಾಗದ ನೋಡಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಮೊದಲಿಗಿಂತ ಇಳಿದಿತ್ತು.

ಅವರು ಮಂಚದ ಮೇಲೆ ಬಾಗಿ ಕೇಳಿದರು. "ನಿಜ ಹೇಳಮ್ಮ. ಬೇರೆ ಏನಾದರೂ ತಿಂತೀಯಾ? ಸುಣ್ಣ, ಬಳಪ, ಮಣ್ಣು?"

ಅವಳು ಕಣ್ಣು ಮುಚ್ಚಿಕೊಂಡೇ, "ಅತ್ತಿ ಮಣ್ಣು" ಎಂದಳು.

ವೈದ್ಯೆ ಪಾರಿಶ್ವಾಡದ ಬೀಗತಿಯ ಕಡೆ ತಿರುಗಿದರು. "ನೀವಾ ಅತ್ತೆ? ಮಣ್ಣು ಕೊಡತಾ ಇದ್ದೀರಾ?"

ಬೀಗತಿಯ ಮುಖ ಕೆಂಪಗಾಯಿತು. ಆ ಕೋಣೆಯಲ್ಲಿ ಕೆಂಪಗಾಗುವ ಮುಖ ಅದೊಂದೇ ಇತ್ತು. "ನಾನ್ಯಾಕ ಕೊಡಲಿ? ಆಕಿ ನಮ್ಮ ಮನ್ಯಾಗ ಇದ್ದಾಗ ಹೊಟ್ಟಿ ತುಂಬ ಉಂಡಾಳ. ಬಸುರಿ ಹೆಂಗಸಿಗೆ ಮಣ್ಣ ಕೊಟ್ಟೀನಿ ಅಂತೀರಿ, ಇದು ಆಡೂ ಮಾತೇನ್ರೀ?" ಎನ್ನುತ್ತ ವೈನಿಯ ಕಡೆ ನೋಡಿದರು.

ಆ ಕ್ಷಣದಲ್ಲೂ ನನ್ನೊಳಗಿನ ಮೇಡಮ್ಮು ಎದ್ದು ನಿಂತಳು. "ಇಲ್ಲ, ಅತ್ತಿ ಅಂದರೆ ಇವರಲ್ಲ. ಅತ್ತಿ ಅಂದರೆ ಅತ್ತಿಮರ. ಖಾನಾಪುರದ ನಮ್ಮ ಬಾವಿಯಲ್ಲಿ ಅದರ ಬೇರಿನ ಹುಳಿಯಿಂದ ಕಲ್ಲು ಕರಗಿ ಆದ ಬಿಳಿ ಜೇಡಿ. ಮೊದಲು ತಿಂತಿದ್ದಳು. ನನ್ನ ಮನೆಗೆ ಕರಕೊಂಡು ಬಂದ ದಿನದಿಂದ ನಿಂತಿದೆ" ಎಂದೆ. ಚೆನ್ನಾಗಿಯೇ ವಿವರಿಸಿದೆ.

"ಗಿಡದ್ದಲ್ಲ ಅತ್ತಿ" ಎಂದಳು ಹುಡುಗಿ. ದನಿ ಎಲ್ಲೋ ದೂರದಿಂದ ಬಂದ ಹಾಗಿತ್ತು. "ನಿಂದು. ಕುಂದಾ ಡಬ್ಬಿದ್ದು."

ಕೆಲವು ಮಾತುಗಳು ಅರ್ಥವಾಗಲು ಹೊತ್ತು ಹಿಡಿಯುತ್ತದೆ. ಇದು ಹಿಡಿಯಲಿಲ್ಲ. ಅವಳನ್ನು ಒಳಗೆ ಒಯ್ದರು. ರಕ್ತದ ವ್ಯವಸ್ಥೆಗೆ ಅಳಿಯ ಓಡಿದ. ಅವಳ ಮೊದಲಿನ ರಿಪೋರ್ಟು, ಬಟ್ಟೆಗಳು ನನ್ನ ಮನೆಯಲ್ಲೇ ಉಳಿದಿದ್ದವು, ತರಲು ನಾನು ಆಟೋ ಹತ್ತಿದೆ. ಚಾಲಕ ಏನೋ ಕೇಳುತ್ತಿದ್ದ, ನನಗೆ ಕೇಳಿಸಲಿಲ್ಲ.

ಕಪಾಟಿನ ಕೆಳಗಿನ ಹಲಗೆಯ ಮೇಲೆ ನನ್ನ ಕಲ್ಲಿನ ಮಾದರಿಗಳನ್ನು ತುಂಬಿಟ್ಟ ಕುಂದಾ ಡಬ್ಬಿಗಳು ಯಾವಾಗಿನ ಹಾಗೆ ಸಾಲಾಗಿದ್ದವು. ಮೇಲೆ ನನ್ನದೇ ಅಕ್ಷರದ ಚೀಟಿಗಳು. ಒಂದು ತೆರೆದೆ. ಕಲ್ಲು ಹಾಗೇ ಇತ್ತು, ಬೇರೂ ಇತ್ತು. ನಡುವಿನ ಬಿಳಿ ಮಾತ್ರ ಇರಲಿಲ್ಲ. ಬೇರು ಟೊಳ್ಳಿನೊಳಗೆ ಒಂಟಿಯಾಗಿ ಅಲ್ಲಾಡುತ್ತಿತ್ತು. ಕಲ್ಲಿನ ಒಳಗೋಡೆಯ ಮೇಲೆ ಉಗುರಿನಿಂದ ಕೆರೆದ ಗೆರೆಗಳಿದ್ದವು, ಒಂದರ ಪಕ್ಕ ಒಂದು, ಬಹಳ ತಾಳ್ಮೆಯಿಂದ ಕೆರೆದವು. ಇನ್ನೊಂದು ಡಬ್ಬಿ ತೆರೆದೆ, ಮತ್ತೊಂದು ತೆರೆದೆ. ಹುಳಿ ಎಲ್ಲೆಲ್ಲಿ ಕಲ್ಲನ್ನು ತಿಂದಿತ್ತೋ ಅಲ್ಲಲ್ಲೇ ಇವಳೂ ತಿಂದಿದ್ದಳು, ಒಂದು ಕೂದಲೆಳೆ ಆಚೆ ಈಚೆ ಆಗಿರಲಿಲ್ಲ. ಖಾನಾಪುರದ ಬಾವಿಯಿಂದ ಅವಳನ್ನು ಬಿಡಿಸಿ ತಂದು, ಆ ಬಾವಿಯನ್ನೇ ತುಂಡು ತುಂಡಾಗಿ ಜೋಡಿಸಿಟ್ಟ ಕೋಣೆಯಲ್ಲಿ ಮಲಗಿಸಿದ್ದೆ.

ಕೊನೆಯ ಡಬ್ಬಿಯಲ್ಲಿ ಒಂದು ಹೆಂಟೆ ಉಳಿದಿತ್ತು. ವೈದ್ಯೆಗೆ ತೋರಿಸೋಣವೆಂದು ಕೈಯಲ್ಲೇ ಎತ್ತಿ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅರ್ಧ ನನ್ನ ಬೆರಳುಗಳಿಗೇ ಅಂಟಿತು.

ಆಸ್ಪತ್ರೆಯ ಬೆಂಚಿನ ಮೇಲೆ ವೈನಿ, ಬೀಗತಿ ಎರಡು ತುದಿಗೆ ಕೂತಿದ್ದರು, ನಾನು ನಡುವೆ ಕೂತೆ. ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಒಳಗಿನಿಂದ ಒಬ್ಬ ನರ್ಸ್ ಹೊರಗೆ ಬಂದು ಬೇಗಬೇಗ ನಡೆದು ಹೋದಳು. ಆಮೇಲೆ ಇನ್ನೊಬ್ಬಳು ಓಡಿದಳು. ವೈನಿ ನನ್ನ ಕಿವಿಯ ಹತ್ತಿರ ಬಂದು, "ಒಳಗ ಒಯ್ಯೂ ಮುಂದ ನೋಡಿದಿರೇನ್ರೀ ಆಕೀನ? ಗೊಂಬಿ ಹಂಗ" ಎಂದವರು ಮುಂದೆ ಹೇಳಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ. ಇಬ್ಬರಿಗೂ ಆ ಪಡಸಾಲೆಯೇ ಕಣ್ಣ ಮುಂದೆ ಇತ್ತು.

ಇಳಿಹೊತ್ತಿಗೆ ವೈದ್ಯೆ ಹೊರಗೆ ಬಂದರು. ಹೆಣ್ಣುಮಗು, ಸಣ್ಣದಿದೆ, ಚೆನ್ನಾಗಿದೆ. ತಾಯಿಗೆ ರಕ್ತಸ್ರಾವ ಜಾಸ್ತಿ ಆಯಿತು, ಹೊರಗಿನ ರಕ್ತ ಹೊತ್ತಿಗೆ ಸಿಕ್ಕಿತು, ಈಗ ನಿಂತಿದೆ, ಜೀವಕ್ಕೆ ಭಯವಿಲ್ಲ. ವೈನಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು, ಬೀಗತಿ ಎದ್ದು ಬಂದು ಅವರ ಬೆನ್ನು ಸವರಿದರು. ನಾನು ಚೀಲದಿಂದ ಕಾಗದದ ಪೊಟ್ಟಣ ತೆಗೆದು ತೋರಿಸಿದೆ. ವೈದ್ಯೆ ಮುಟ್ಟಲಿಲ್ಲ.

"ಕಬ್ಬಿಣ ಕಡಿಮೆಯಾದರೇ ಇದನ್ನ ತಿನ್ನಬೇಕು ಅನಿಸೋದು. ತಿಂದರೆ ಇನ್ನೂ ಕಡಿಮೆಯಾಗತ್ತೆ. ಕಡಿಮೆಯಾದರೆ ಇನ್ನೂ ತಿನ್ನಬೇಕು ಅನಿಸತ್ತೆ" ಎಂದರು. "ಅವಳನ್ನ ಬೈಯಬೇಡಿ. ಅವಳ ಕೈಯಲ್ಲಿ ಇರಲಿಲ್ಲ. ಇದನ್ನ ಹೊರಗೆ ಎಸೆದು ಬನ್ನಿ."

ಎಸೆದು ಬಂದೆ. ನಲ್ಲಿಯ ಕೆಳಗೆ ಕೈ ತೊಳೆದುಕೊಂಡೆ, ಹಾಲಿನ ಹಾಗೆ ಬಿಳಿ ನೀರು ಹರಿದು ಹೋಯಿತು.

ಒಳಗೆ ಅವಳು ಮಲಗಿದ್ದಳು, ಕೊಳವೆಯಿಂದ ಯಾರದೋ ಕೆಂಪು ರಕ್ತ ಹನಿಹನಿಯಾಗಿ ಇಳಿಯುತ್ತಿತ್ತು. ಪಕ್ಕದಲ್ಲಿ ಕೂಸು ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದು ತೆರೆದು ಏನನ್ನೋ ಹುಡುಕುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಕೂತು ಅವಳ ಹಣೆ ಸವರಿದೆ. ಎಚ್ಚರವಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಅವಳು ಮುಖವನ್ನು ನನ್ನ ಕಡೆ ಹೊರಳಿಸಿದಳು. ಮೂಗಿನ ಹೊಳ್ಳೆಗಳು ಅಲ್ಲಾಡಿದವು.

"ವಾಸನಿ ಬರಾಕತ್ತೈತಿ ಅತ್ತಿ" ಎಂದಳು.

"ಏನೂ ಇಲ್ಲವ್ವ. ಮಲಕೋ."

ಅವಳು ನನ್ನ ಕೈ ಹಿಡಿದುಕೊಂಡಳು. ಪ್ರೀತಿಯಿಂದ ಹಿಡಿದಳೆಂದು ನನ್ನ ಕಣ್ಣು ತುಂಬಿ ಬಂತು. ಮೆಲ್ಲಗೆ ನನ್ನ ಬೆರಳುಗಳನ್ನು ತನ್ನ ಬಾಯಿಯ ಹತ್ತಿರ ಒಯ್ದಳು. ತಣ್ಣಗಿನ ತುಟಿ ಹೆಬ್ಬೆರಳನ್ನು ಮುಟ್ಟಿತು. ನಾಲಿಗೆಯ ತುದಿ ಉಗುರಿನ ಸಂದಿಯನ್ನು ಹುಡುಕಿತು. ಆಗ ನೋಡಿದೆ, ತೊಳೆದ ಮೇಲೂ ಅಲ್ಲಿ ಬೆಳ್ಳಗೆ ಒಂದು ಗೆರೆ ಉಳಿದಿತ್ತು.

ನಾನು ಕೈ ಕಿತ್ತುಕೊಂಡೆ. ಎದ್ದು ಹೊರಗೆ ಹೋಗಿ, ಉಗುರು ಕತ್ತರಿಸಿಕೊಳ್ಳಬೇಕು, ಒಂದು ಕತ್ತರಿ ಕೊಡ್ರಿ ಎಂದು ನರ್ಸನ್ನು ಕೇಳಿದೆ.